ತೋಳಕ್ಕೆ ಕಲ್ಲು, ನಾಯಿಗೆ ವೀರಗಲ್ಲು

ಅರಸೀಕೆರೆ ಕಡೆಯ ಒಂದು ಹಟ್ಟಿಯಲ್ಲಿ ಒಂದೇ ರಾತ್ರಿ ಆರು ಕುರಿ ಸತ್ತವು. ಬೆಳಗ್ಗೆ ನಾವು ಅಲ್ಲಿಗೆ ಹೋಗುವ ಹೊತ್ತಿಗೆ ಊರೆಲ್ಲ ಒಂದೇ ಮಾತು: ತೋಳ ಬಂದಿತ್ತು. ಕುರಿಯ ಯಜಮಾನರು ಮಾತ್ರ ಏನೂ ಹೇಳದೆ ಕೂತಿದ್ದರು. ಜನ ಚದುರಿದ ಮೇಲೆ ನಮ್ಮನ್ನು ರೊಪ್ಪದ ಹಿಂದಕ್ಕೆ ಕರೆದುಕೊಂಡು ಹೋದರು. ಆರೂ ಕುರಿ ಅಲ್ಲೇ ಬಿದ್ದಿದ್ದವು. ತೊಡೆ, ಬಾಲದ ಬುಡ, ಕಿವಿ ಹರಿದಿದ್ದವು. ಕುತ್ತಿಗೆಯಲ್ಲಿ ಹಲ್ಲಿನ ಗುರುತಿಲ್ಲ. ತಿಂದದ್ದೂ ಅಷ್ಟಕ್ಕಷ್ಟೆ.

"ತೋಳ ಆಗಿದ್ರೆ ಒಂದನ್ನ ಎತ್ಕೊಂಡು ಹೋಗಿರೋದು. ಇದು ನಮ್ಮೂರ ನಾಯಿಗಳ ಕೆಲ್ಸ. ಹೇಳಿದ್ರೆ ಯಾರು ನಂಬ್ತಾರೆ?" ಅಂದರು.

ಆ ಮಾತು ನಮ್ಮನ್ನು ಬಿಡಲಿಲ್ಲ. ಸತ್ತ ಕುರಿ ಕಂಡ ಕೂಡಲೇ ತೋಳ ಎಂದು ಯಾಕೆ ಹೇಳುತ್ತೇವೆ? ನಾಯಿ ಎಂದರೆ ಯಾಕೆ ನಂಬುವುದಿಲ್ಲ? ಇದಕ್ಕೆ ಉತ್ತರ ಬೇಕಾದರೆ ನಮ್ಮ ನೆಲದ ಹಳೆಯ ಕತೆಯನ್ನು ಸ್ವಲ್ಪ ತಿರುವಿ ನೋಡಬೇಕು.

ಕಲ್ಲಿನಲ್ಲಿ ಯಾರಿದ್ದಾರೆ?

ಹೊಯ್ಸಳರ ಕತೆ ಶುರುವಾಗುವುದೇ ಒಂದು ಕಾಡುಪ್ರಾಣಿಯಿಂದ. ಮುನಿ "ಹೊಯ್ ಸಳ" ಎಂದರಂತೆ, ಸಳ ಹುಲಿಯನ್ನು ಹೊಡೆದನಂತೆ. ಆ ಲಾಂಛನವನ್ನು ಬೇಲೂರಿನಲ್ಲಿ ನೀವೆಲ್ಲ ಕಂಡಿದ್ದೀರಿ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯ ಬುಡದಲ್ಲಿ ಸಾಲುಸಾಲಾಗಿ ಆನೆ, ಸಿಂಹ, ಕುದುರೆ, ಮಕರ, ಹಂಸಗಳಿವೆ. ಆನೆ, ಕುದುರೆ ರಾಜನ ಸೈನ್ಯದವು. ಸಿಂಹ ರಾಜನ ಗರ್ವದ್ದು. ಕುರಿ ಕಾಯುವವನು ದಿನಾ ರಾತ್ರಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ತೋಳಕ್ಕೆ ಅಲ್ಲಿ ಸಾಲಿಲ್ಲ.

ನಾಯಿಗೆ ಮಾತ್ರ ಜಾಗ ಸಿಕ್ಕಿದೆ. ಹೊಯ್ಸಳ ಗುಡಿಗಳಲ್ಲಿ ಭೈರವನ ವಿಗ್ರಹ ಕಂಡರೆ ಕಾಲ ಬಳಿ ನೋಡಿ. ಅವನ ಕೈಯಲ್ಲಿನ ರುಂಡದ ಕಡೆ ಮುಖ ಎತ್ತಿ ನಿಂತ ನಾಯಿ ಇರುತ್ತದೆ. ನಮ್ಮ ಕಡೆ ಕುರುಬರು ನಡೆದುಕೊಳ್ಳುವ ಮೈಲಾರಲಿಂಗನಿಗೂ ನಾಯಿಗೂ ನಂಟು. ಕರಿ ಕಂಬಳಿ ಹೊದ್ದ ಗೊರವಯ್ಯ ಡಮರು ಬಡಿಯುತ್ತಾ ನಾಯಿಯಂತೆ ಬೊಗಳುವುದನ್ನು, ದೋಣಿಗೆ ಬಾಯಿ ಹಾಕಿ ತಿನ್ನುವುದನ್ನು ಜಾತ್ರೆಯಲ್ಲಿ ನೋಡಿದವರಿಗೆ ಇದು ಗೊತ್ತು. ದೇವರ ಮುಂದೆ ತಾನು ನಾಯಿ ಎಂದುಕೊಳ್ಳುವುದು ಅಲ್ಲಿ ಅವಮಾನ ಅಲ್ಲ, ಭಕ್ತಿ.

ಇದಕ್ಕಿಂತ ದೊಡ್ಡ ಗೌರವ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿತು. ಹೊಯ್ಸಳರಿಗಿಂತ ಮುಂಚಿನ ಮಾತಿದು. 949ರಲ್ಲಿ ತಕ್ಕೋಲದಲ್ಲಿ ಚೋಳರ ಮೇಲೆ ದೊಡ್ಡ ಯುದ್ಧ ನಡೆಯಿತು. ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಒಂದು ಕಡೆ. ಬೂತುಗನ ಕಡೆಯ ಮಣಲೇರ ಎಂಬ ವೀರ ಚೆನ್ನಾಗಿ ಹೋರಾಡಿದ. ಏನು ಬೇಕೋ ಕೇಳು ಎಂದಾಗ ಅವನು ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೊಡಿ ಎಂದ. ಮುಂದೊಂದು ದಿನ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೇರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಪೂಜೆಗೆ ಭೂಮಿಯನ್ನೂ ಬಿಡಿಸಿದ. ನಾಯಿ ಮತ್ತು ಹಂದಿಯ ಕಾಳಗ ಕೆತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈ ಕತೆಯಲ್ಲಿ ಒಂದು ಅಂಶ ಗಮನಿಸಿ. ಕಾಳಿಗೆ ಹೆಸರಿತ್ತು, ಕೆಲಸವಿತ್ತು, ಒಡೆಯನಿದ್ದ. ಅದು ಏನು ಮಾಡಿದರೂ ಹೊಣೆ ಹೊರುವವನು ಒಬ್ಬನಿದ್ದ.

ಕಾವಲು ಇದ್ದ ಕಾಲ

ಬೇಲೂರಿನಿಂದ ಹಳೇಬೀಡು, ಜಾವಗಲ್, ಬಾಣಾವರ ದಾಟಿ ಅರಸೀಕೆರೆಗೆ ಬಸ್ಸಿನಲ್ಲಿ ಬಂದರೆ ಮಲೆನಾಡು ಕರಗಿ ಬಯಲುಸೀಮೆಯಾಗುವುದು ಕಿಟಕಿಯಲ್ಲೇ ಕಾಣುತ್ತದೆ. ಬೇಲೂರಿನಲ್ಲಿ ಕಾಫಿ, ಭತ್ತ. ಅರಸೀಕೆರೆಯಲ್ಲಿ ತೆಂಗು, ರಾಗಿ, ಕುರಿ. ತೋಳ ದಟ್ಟ ಕಾಡಿನ ಪ್ರಾಣಿ ಅಲ್ಲ. ಅದಕ್ಕೆ ಬೇಕಾದ್ದು ಹುಲ್ಲು, ಕುರುಚಲು, ಕಲ್ಲುಗುಡ್ಡ. ಹಾಗಾಗಿ ಅದು ಅರಸೀಕೆರೆ, ಕಡೂರು, ತಿಪಟೂರು ಕಡೆಯ ಬಯಲಿನದು.

ಆ ಬಯಲನ್ನು ಉಳಿಸಿದ್ದು ಅಮೃತಮಹಲ್ ಕಾವಲುಗಳು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆ "ಬೆಣ್ಣೆ ಚಾವಡಿ" ಎಂಬ ಇಲಾಖೆ ಇತ್ತು. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ತೋಪು ಎಳೆಯುವ, ದಂಡಿನ ಸಾಮಾನು ಹೊರುವ ಎತ್ತುಗಳು ಇಲ್ಲಿ ಬೆಳೆದವು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಎಂದು ಹಂಚಿಕೊಂಡು ದನ ಮೇಯಿಸುತ್ತಿದ್ದರು. ಹುಲ್ಲಿಗೆ ವಿಶ್ರಾಂತಿ ಸಿಗುತ್ತಿತ್ತು. ಹುಲ್ಲಿದ್ದ ಕಡೆ ಕೃಷ್ಣಮೃಗ, ಮೊಲ. ಅವು ಇದ್ದ ಕಡೆ ತೋಳ. ದನಕ್ಕಾಗಿ ಕಾದ ನೆಲ ತೋಳವನ್ನೂ ಕಾಯಿತು.

ತೋಳದ ಪಕ್ಕದಲ್ಲೇ ಕುರಿಯೂ ಇತ್ತು. ಆದರೆ ಮಂದೆ ಎಂದೂ ಒಂಟಿಯಾಗಿ ಇರುತ್ತಿರಲಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದರೆ ಸುತ್ತ ಮುಳ್ಳಿನ ಬೇಲಿ, ಮಧ್ಯೆ ಬೆಂಕಿ, ಕಂಬಳಿ ಹೊದ್ದ ಮನುಷ್ಯ, ಅವನ ಪಕ್ಕ ಎರಡು ಮೂರು ನಾಯಿ. ಆ ನಾಯಿಗಳು ಹುಟ್ಟಿದ್ದೇ ಕುರಿಯ ನಡುವೆ. ಕುರಿ ಅವಕ್ಕೆ ಬೇಟೆಯಲ್ಲ, ಮನೆಯವರು. ಅಷ್ಟಾದರೂ ತೋಳ ಆಗೊಂದು ಈಗೊಂದು ಮರಿ ಹೊಡೆಯುತ್ತಿತ್ತು. ಅದು ಕುರಿಗಾರನ ಕಷ್ಟ, ಅವನ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಂಡ ಕಷ್ಟ.

ನರಿಯ ಜೊತೆ ನಮ್ಮ ನಂಟು ಬೇರೆ ಥರ. ಏನಾದರೂ ಒಳ್ಳೆಯದಾದರೆ "ಬೆಳಗ್ಗೆ ಎದ್ದು ನರಿ ಮುಖ ನೋಡಿದ್ದೆ" ಎನ್ನುತ್ತೇವೆ. ತೋಳದ ಗಾದೆ ಮಾತ್ರ ಕಟುವಾಗಿದೆ: ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು.

ತಲೆಗೊಂದು ಬಹುಮಾನ

ಬ್ರಿಟಿಷರ ಕಾಲದಲ್ಲಿ ಆ ಕಲ್ಲಿಗೆ ಸರ್ಕಾರದ ದುಡ್ಡೂ ಸೇರಿಕೊಂಡಿತು. ಹುಲಿ, ಚಿರತೆ, ತೋಳ ಕೊಂದು ತಂದವರಿಗೆ ಬಹುಮಾನ. ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಲೆಕ್ಕದಂತೆ 1875ರಿಂದ 1925ರವರೆಗಿನ 50 ವರ್ಷಗಳಲ್ಲಿ ದೇಶದಲ್ಲಿ 80,000ಕ್ಕೂ ಹೆಚ್ಚು ಹುಲಿ, 1,50,000ಕ್ಕೂ ಹೆಚ್ಚು ಚಿರತೆ ಮತ್ತು 2,00,000 ತೋಳ ಸತ್ತವು. ಹುಲಿಯ ಸಂಖ್ಯೆಯನ್ನು ನಾವು ಕೇಳಿದ್ದೇವೆ, ತೋಳದ್ದನ್ನು ಕೇಳಿಲ್ಲ. ಗುಡಿಯ ಸಾಲಿನಲ್ಲಿ ಇಲ್ಲದ ಪ್ರಾಣಿ ಸತ್ತಾಗಲೂ ಸುದ್ದಿಯಾಗಲಿಲ್ಲ.

ಅಮೆರಿಕದಲ್ಲೂ ಇದೇ ಆಯಿತು. ಯೆಲ್ಲೋಸ್ಟೋನ್ ಉದ್ಯಾನದಲ್ಲಿ 1926ರ ಹೊತ್ತಿಗೆ ತೋಳ ಮುಗಿಸಿದರು. ಆಮೇಲೆ ತಪ್ಪು ತಿಳಿದು 1995ರಲ್ಲಿ ಕೆನಡಾದಿಂದ ತೋಳಗಳನ್ನು ಹಿಡಿದು ತಂದು ಬಿಟ್ಟರು.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ತೋಳಕ್ಕೆ ಹುಲಿಯಷ್ಟೇ ರಕ್ಷಣೆ ಕೊಟ್ಟಿತು. 1974ರಲ್ಲಿ ಮೇಲುಕೋಟೆಯಲ್ಲಿ ತೋಳಕ್ಕೆಂದು ವನ್ಯಧಾಮ ಮಾಡಿದರು. 2011ರಲ್ಲಿ ಅರಸೀಕೆರೆಯ ಪಕ್ಕದ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು ಸಂರಕ್ಷಿತ ಪ್ರದೇಶವಾಯಿತು. ಈಚೆಗೆ ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರಕ್ಕೆ ತೋಳಧಾಮ ಬಂದಿದೆ. ಇಷ್ಟಾದರೂ ಇಡೀ ದೇಶದಲ್ಲಿ ಉಳಿದಿರುವ ತೋಳ ಸುಮಾರು 3,000 ಮಾತ್ರ.

ಕಾಯ್ದೆ ಬಂದರೂ ಬಯಲು ಉಳಿಯಲಿಲ್ಲ. ಕಾವಲುಗಳು ಸಾಗುವಳಿಗೆ, ನೀಲಗಿರಿ ತೋಪಿಗೆ, ಕಾರ್ಖಾನೆಗೆ, ಸಂಸ್ಥೆಗಳಿಗೆ ಹಂಚಿಹೋದವು. ಸರ್ಕಾರದ ಕಡತದಲ್ಲಿ ಹುಲ್ಲುಗಾವಲಿನ ಹೆಸರು ಬಹಳ ಸಲ "ಬಂಜರು". ಬಂಜರು ಎಂದ ಮೇಲೆ ಅಲ್ಲಿ ಬದುಕುವವರು ಯಾರೂ ಇಲ್ಲ ಎಂದೇ ಅರ್ಥ. ತೋಳವೂ ಇಲ್ಲ, ಕುರಿಗಾರನೂ ಇಲ್ಲ.

ಖಾಲಿ ಜಾಗಕ್ಕೆ ಬಂದವರು

ತೋಳ ಹಿಂದೆ ಸರಿದ ಜಾಗಕ್ಕೆ ನಾಯಿ ಬಂದಿದೆ. ಮಂದೆಗಳು ಕಡಿಮೆಯಾದಂತೆ ಮಂದೆಯ ನಾಯಿಗೆ ಕೆಲಸ ತಪ್ಪಿತು. ಕೋಳಿ ಅಂಗಡಿಯ ತ್ಯಾಜ್ಯ, ಕಲ್ಯಾಣ ಮಂಟಪದ ಎಂಜಲು ಊರಂಚಿಗೆ ಬಿದ್ದಂತೆ ಕೆಲಸವಿಲ್ಲದ ನಾಯಿಗೆ ಊಟ ಸಿಕ್ಕಿತು. ಹಗಲು ಯಾರದೋ ಅಂಗಳದಲ್ಲಿ ಮಲಗುವ ನಾಯಿಗಳೇ ರಾತ್ರಿ ಗುಂಪು ಕಟ್ಟಿ ಹೊಲ ಸುತ್ತುತ್ತವೆ. ಮೊಲ, ನರಿಮರಿ ಓಡಿಸುತ್ತವೆ. ರೊಪ್ಪಕ್ಕೂ ನುಗ್ಗುತ್ತವೆ.

ಗುರುತಿಸುವುದು ಕಷ್ಟವಲ್ಲ. ತೋಳ ಸಾಮಾನ್ಯವಾಗಿ ಕುತ್ತಿಗೆ ಹಿಡಿಯುತ್ತದೆ, ಒಂದನ್ನು ಕೊಂದು ಎಳೆದುಕೊಂಡು ಹೋಗುತ್ತದೆ. ನಾಯಿ ಹಿಂದಿನಿಂದ ಅಟ್ಟಿಸಿಕೊಂಡು ತೊಡೆ, ಬಾಲ, ಕಿವಿ ಕಚ್ಚುತ್ತದೆ. ಹಲವನ್ನು ಹರಿದು ಅಲ್ಲೇ ಬಿಡುತ್ತದೆ. ರೊಪ್ಪದೊಳಗೆ ಸಿಕ್ಕಿಕೊಂಡ ತೋಳ ಒಂದಕ್ಕಿಂತ ಹೆಚ್ಚು ಕೊಲ್ಲುವುದೂ ಉಂಟು. ಅದಕ್ಕೇ ಒಂದು ಗುರುತು ಸಾಲದು, ಎಲ್ಲವನ್ನೂ ಸೇರಿಸಿ ನೋಡಬೇಕು.

ತೋಳಕ್ಕೂ ನಾಯಿಯಿಂದ ಅಪಾಯವಿದೆ. ಹುಚ್ಚು, ಡಿಸ್ಟೆಂಪರ್ ರೋಗಗಳು ನಾಯಿಯಿಂದ ತೋಳ, ನರಿಗೆ ಹರಡುತ್ತವೆ. ತೋಳಗಳು ಕಡಿಮೆಯಾದ ಕಡೆ ಜೊತೆ ಸಿಗದೆ ಅವು ನಾಯಿಯೊಂದಿಗೇ ಕೂಡುತ್ತವೆ. ಪುಣೆಯ ಬಳಿ ಹೀಗೆ ಹುಟ್ಟಿದ ಬೆರಕೆ ಇರುವುದನ್ನು ವಿಜ್ಞಾನಿಗಳು 2023ರಲ್ಲಿ ವಂಶವಾಹಿ ಪರೀಕ್ಷೆಯಿಂದ ಖಚಿತಪಡಿಸಿದರು. ಬಂದೂಕಿನಿಂದ ತಪ್ಪಿಸಿಕೊಂಡ ತೋಳ ಹೀಗೂ ಇಲ್ಲವಾಗಬಹುದು.

ತೋಳ ಸಾಧು ಪ್ರಾಣಿ ಎಂದು ನಾವು ಹೇಳುತ್ತಿಲ್ಲ. 2024ರಲ್ಲಿ ಉತ್ತರ ಪ್ರದೇಶದ ಬಹರೈಚ್‌ನಲ್ಲಿ ತೋಳದ ದಾಳಿಗೆ ಮಕ್ಕಳು ಸತ್ತರು. ಆ ಭಯ ಸುಳ್ಳಲ್ಲ. ತೋಳವನ್ನು ಉಳಿಸುವ ಖರ್ಚನ್ನೆಲ್ಲ ಹತ್ತಿಪ್ಪತ್ತು ಕುರಿ ಇಟ್ಟುಕೊಂಡವರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಆದರೆ ನಾಯಿ ಕೊಂದದ್ದಕ್ಕೆಲ್ಲ ತೋಳವನ್ನು ದೂರಿದರೆ ಕುರಿಗಾರನಿಗೆ ಬರುವ ಲಾಭ ಏನು? ಇಲ್ಲದ ತೋಳಕ್ಕೆ ಕಾದು ಕೂರುತ್ತಾನೆ. ಇರುವ ನಾಯಿಗಳು ಮುಂದಿನ ವಾರ ಮತ್ತೆ ಬರುತ್ತವೆ.

ಆ ದಿನ ಯಜಮಾನರು ಸುಮ್ಮನೆ ಕೂತಿದ್ದರ ಕಾರಣ ನಮಗೆ ಆಮೇಲೆ ಅರ್ಥವಾಯಿತು. ತೋಳ ಎಂದರೆ ಯಾರ ಜೊತೆಯೂ ಜಗಳವಿಲ್ಲ. ನಾಯಿ ಎಂದರೆ ಯಾರ ನಾಯಿ ಎಂಬ ಪ್ರಶ್ನೆ ಬರುತ್ತದೆ. ಪಕ್ಕದ ಬೀದಿಯವರ ಮುಖ ನೋಡಬೇಕಾಗುತ್ತದೆ. ಅನ್ನ ಹಾಕುವಾಗ ನಮ್ಮ ನಾಯಿ, ಕುರಿ ಸತ್ತಾಗ ಬೀದಿನಾಯಿ. ಕಾಳಿಗೆ ಇದ್ದದ್ದು, ಇವಕ್ಕೆ ಇಲ್ಲದ್ದು ಒಡೆಯ.

ಹಾಗಾಗಿ ನಮ್ಮ ಕೋರಿಕೆ ಸಣ್ಣದು. ಮುಂದಿನ ಸಲ ಕುರಿ ಸತ್ತರೆ ಹೂಳುವ ಮುಂಚೆ ಗಾಯ, ಹೆಜ್ಜೆ ಗುರುತು ಎರಡನ್ನೂ ನಿಮ್ಮ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಪಶುವೈದ್ಯರಿಗೂ ಅರಣ್ಯ ಸಿಬ್ಬಂದಿಗೂ ತೋರಿಸಿ. ನಾಯಿಗೆ ಹುಚ್ಚಿನ ಲಸಿಕೆ, ಸಂತಾನಹರಣ ಚಿಕಿತ್ಸೆ ಬೇಕೆಂದು ಗ್ರಾಮಸಭೆಯಲ್ಲಿ ಕೇಳಿ. ತ್ಯಾಜ್ಯ ಎಲ್ಲಿ ಬೀಳುತ್ತಿದೆ ಎಂದೂ ಕೇಳಿ. ನಾಯಿಯೋ ತೋಳವೋ ನರಿಯೋ ಯಾರನ್ನಾದರೂ ಕಚ್ಚಿದರೆ ಸೋಪು ನೀರಿನಲ್ಲಿ 15 ನಿಮಿಷ ಗಾಯ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ.

ನೀವು ಅನ್ನ ಹಾಕುವ ನಾಯಿ ಇದ್ದರೆ ಅದಕ್ಕೊಂದು ಹೆಸರಿಡಿ, ರಾತ್ರಿ ಕಟ್ಟಿಹಾಕಿ. ಅದು ನನ್ನದು ಎಂದು ಹೇಳಿ.