ಕಂಡೂ ಕಾಣದ ಮುಖ

ಕಾವೇರಿಯ ದಂಡೆಯ ಮುಡುಕುತೊರೆಯಲ್ಲಿ ಮಾಘದ ಜಾತ್ರೆ ಕೂಡಿದರೆ, ಬೆಟ್ಟದ ಮೇಲಿನ ಮಲ್ಲಿಕಾರ್ಜುನನ ದರ್ಶನಕ್ಕೆ ಬರುವವರು ಎಷ್ಟೋ, ಕೆಳಗಿನ ದನಗಳ ದರ್ಶನಕ್ಕೆ ಬರುವವರೂ ಅಷ್ಟೇ. ನಾನು ಎರಡನೆಯ ಪಂಗಡದವನು. ಬಹಳ ವರ್ಷಗಳ ಹಿಂದೆ ಅಲ್ಲೊಂದು ಹಳ್ಳಿಕಾರ್ ಜೋಡಿಯ ವ್ಯಾಪಾರ ನೋಡುತ್ತ ನಿಂತಿದ್ದೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವ ಆ ಮೂಕಭಾಷೆಯನ್ನು ಎಷ್ಟು ನೋಡಿದರೂ ನನಗೆ ಸಾಲದು. ಆಗ, ನನಗೆ ಅಕ್ಷರ ಕಲಿಸಿದ ಮೇಷ್ಟರು ಎದುರಿಗೇ ಬಂದು, ಗಳಿಗೆ ಹೊತ್ತು ನಿಂತು, ಹೊರಟುಹೋದರಂತೆ. "ದೊಡ್ಡ ಮನುಷ್ಯನಾಗಿದ್ದಾನೆ, ಕಂಡೂ ಕಾಣದ ಹಾಗೆ ಇದ್ದುಬಿಟ್ಟ" ಎಂದು ಅವರು ನೊಂದು ಆಡಿದ ಮಾತು ನನ್ನ ಕಿವಿಗೆ ಬಿದ್ದದ್ದು ಅವರು ತೀರಿಕೊಂಡ ಮೇಲೆ.

ಕಂಡದ್ದು ನಿಜವಿರಬೇಕು; ಕಣ್ಣು ತೆರೆದೇ ಇತ್ತಲ್ಲ. ಆದರೆ ಕಣ್ಣೊಂದೇ ಕಾಣುವುದಿಲ್ಲವೆಂಬುದನ್ನು ನಮ್ಮ ತಾರ್ಕಿಕರು ಹಿಂದೆಯೇ ಬಲ್ಲರು. ವಸ್ತುವಿಗೆ ಇಂದ್ರಿಯ ತಾಗಿದರೆ ಸಾಲದು, ಇಂದ್ರಿಯಕ್ಕೆ ಮನಸ್ಸೂ ತಾಗಬೇಕು. ಆ ಮನಸ್ಸಾದರೋ ಅಣುಮಾತ್ರದ್ದು, ಒಂದು ಹೊತ್ತಿಗೆ ಒಂದೇ ಕಡೆ ಇರಬಲ್ಲದು ಎಂಬುದು ನ್ಯಾಯಶಾಸ್ತ್ರದ ಮತ. ಗುರುತು ಹಿಡಿಯುವುದಕ್ಕೆ ಶಾಸ್ತ್ರದ ಹೆಸರು ಪ್ರತ್ಯಭಿಜ್ಞೆ. 'ಇವನೇ ಆ ದೇವದತ್ತ' ಎಂಬುದು ಪಾಠಶಾಲೆಗಳ ಹಳೆಯ ಉದಾಹರಣೆ. 'ಇವನು' ಎಂಬುದು ಕಣ್ಣಿನದು, 'ಆ' ಎಂಬುದು ನೆನಪಿನದು. ಎರಡೂ ಕೂಡಿದರೆ ಗುರುತು.

ಪಶ್ಚಿಮದವರಿಗೆ ಈ ಕೂಡಿಕೆ ಕಣ್ಣಿಗೆ ಬಿದ್ದದ್ದು ಅದು ಮುರಿದಾಗ. ಯುದ್ಧದಲ್ಲಿ ತಲೆಗೆ ಪೆಟ್ಟು ಬಿದ್ದವರ ವಿಚಾರವಾಗಿ ಜರ್ಮನಿಯ ವೈದ್ಯ ಯೋಆಖಿಮ್ ಬೋಡಮರ್ 1947ರಲ್ಲಿ ಬರೆದ. ಅವನ ರೋಗಿಯೊಬ್ಬನಿಗೆ ಕಣ್ಣು, ಮೂಗು, ಬಾಯಿ ಎಲ್ಲ ಕಾಣುತ್ತಿದ್ದವು. ಕನ್ನಡಿಯೊಳಗಿರುವುದು ತನ್ನ ಮುಖವೆಂದು ಮಾತ್ರ ಹೊಳೆಯುತ್ತಿರಲಿಲ್ಲ. ಬೋಡಮರ್ ಇದನ್ನು ಪ್ರೊಸೊಪಗ್ನೋಸಿಯ ಎಂದು ಕರೆದ. ಯಾವ ಪೆಟ್ಟೂ ಇಲ್ಲದೆ ಹುಟ್ಟಿನಿಂದಲೇ ಈ ಕೊರತೆಯುಳ್ಳವರೂ ಉಂಟೆಂದು ಆಮೇಲೆ ತಿಳಿಯಿತು. ಅವರನ್ನು ಬಂಧುಬಳಗ ಎಷ್ಟು ಸಲ ಜಂಬಗಾರರೆಂದು ಬೈದಿತ್ತೋ!

ನನಗೆ ಆ ನೆಪವೂ ಇಲ್ಲ. ನನ್ನದು ಬೇರೆ ಬಗೆ. ಅಮೆರಿಕದ ಸೈಮನ್ಸ್, ಲೆವಿನ್ ಎಂಬಿಬ್ಬರು 1998ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಒಬ್ಬಾತ ದಾರಿಹೋಕನನ್ನು ನಿಲ್ಲಿಸಿ ದಾರಿ ಕೇಳುತ್ತಾನೆ. ಅಷ್ಟರಲ್ಲಿ ಇಬ್ಬರು ಒಂದು ಬಾಗಿಲನ್ನು ಹೊತ್ತು ನಡುವೆ ನುಗ್ಗುತ್ತಾರೆ. ಬಾಗಿಲು ದಾಟಿದ ಮೇಲೆ ಅಲ್ಲಿ ನಿಂತಿರುವವನು ಬೇರೊಬ್ಬ! 15 ದಾರಿಹೋಕರಲ್ಲಿ 8 ಮಂದಿ ಅದನ್ನು ಗಮನಿಸದೆ ದಾರಿ ಹೇಳುತ್ತಲೇ ಹೋದರು. ಅವರಿಗಾದರೋ ಎದುರಿಗಿದ್ದದ್ದು ಅಪರಿಚಿತರ ಮುಖ. ನನ್ನೆದುರು ಬಂದದ್ದು ಮೇಷ್ಟರ ಮುಖ. ಆದರೆ ನನ್ನ ಅಣುಮಾತ್ರದ ಮನಸ್ಸು ಆಗ ಟವೆಲಿನ ಕೆಳಗಿತ್ತು.

ಮೇಷ್ಟರ ಮುಖವನ್ನು ನೆನೆದರೆ ಇಂದಿಗೂ ಕಪ್ಪುಹಲಗೆಯ ಮುಂದಿನ ಮುಖವೇ ಬರುತ್ತದೆ. ಜಾತ್ರೆಯಲ್ಲಿ ಕಂಡಿರಬೇಕಾದ ಆ ಮುದಿಮುಖ ನನ್ನಲ್ಲಿಲ್ಲ. ಆ ಜೋಡಿಯ ಎಡಗಡೆಯ ಎತ್ತಿಗೆ ಹಣೆಯಲ್ಲಿ ಸುಳಿ ಎಲ್ಲಿತ್ತೆಂದು ಮಾತ್ರ ಹೇಳಬಲ್ಲೆ.