ಗಣ ಬಿಡದ ನವ್ಯ

ನವ್ಯ ಕಾವ್ಯ ಛಂದಸ್ಸನ್ನು ಕೈಬಿಟ್ಟಿತು ಎಂಬ ಮಾತು ಕನ್ನಡದಲ್ಲಿ ಬೇರೂರಿಬಿಟ್ಟಿದೆ; ಅದನ್ನು ಪರೀಕ್ಷಿಸುವ ಗೋಜಿಗೆ ಹೋಗುವವರು ಕಡಿಮೆ. ನವ್ಯದ ಉತ್ತಮ ಕವಿತೆಗಳು ಛಂದಸ್ಸನ್ನು ಬಿಡಲಿಲ್ಲ, ಅದರ ಬಾಯಿಂದಲೇ ಅರ್ಥ ಹೇಳಿಸಿದವು ಎಂಬುದು ನನ್ನ ವಾದ. ಬಿಡುವ ಕೆಲಸ ಮೊದಲೇ ಶುರುವಾಗಿತ್ತು. ಮಂಜೇಶ್ವರದ ಗೋವಿಂದ ಪೈ 1911ರಲ್ಲೇ ದ್ವಿತೀಯಾಕ್ಷರ ಪ್ರಾಸವನ್ನು ತೊರೆದರು. ಬಿ.ಎಂ.ಶ್ರೀ. ಅವರ 'ಇಂಗ್ಲಿಷ್ ಗೀತಗಳು' ಮಾತ್ರಾಗಣಗಳನ್ನು ಹೊಸ ಬಗೆಯಲ್ಲಿ ಹೆಣೆದು ತೋರಿಸಿತು. ಮುಂದೆ ಬೆಳೆದ ಭಾವಗೀತೆಯಲ್ಲಿ ಗಣ, ಪದ, ಸಾಲು, ಅರ್ಥ ಬಹುಮಟ್ಟಿಗೆ ಒಟ್ಟಿಗೇ ಮುಗಿಯುತ್ತವೆ. ಅದು ಹಾಡಿಗೆ ಅಷ್ಟು ಸಲೀಸಾಗಿ ಒಗ್ಗುವುದು ಅದಕ್ಕೇ.

ಗೋಪಾಲಕೃಷ್ಣ ಅಡಿಗರು ಸಡಿಲಿಸಿದ್ದು ಈ ಹೊಂದಾಣಿಕೆಯನ್ನು. 1959ರ 'ಭೂಮಿಗೀತ'ದಲ್ಲಿರುವ 'ಭೂತ' ಕವಿತೆಯ ಮೊದಲ ಸಾಲಿಗೆ ಪ್ರಸ್ತಾರ ಹಾಕಿ ನೋಡಿ: ಐದೈದು ಮಾತ್ರೆಯ ಗಣಗಳು ಸಾಲಾಗಿ ನಿಲ್ಲುತ್ತವೆ. ಮೊದಲ ಗಣ ಪದದೊಂದಿಗೇ ಮುಗಿಯುತ್ತದೆ. ಆಮೇಲೆ ಹಾಗಿಲ್ಲ, ಪದ ಒಂದು ಗಣದಲ್ಲಿ ಹುಟ್ಟಿ ಇನ್ನೊಂದರೊಳಗೆ ಕಾಲಿಡುತ್ತದೆ, ಕೊನೆಗೆ ಒಂದು ಲಘು ಗಣಕ್ಕೆ ಸೇರದೆ ಉಳಿದುಬಿಡುತ್ತದೆ. ಕವಿತೆಯ ವಸ್ತು ಬಿಟ್ಟೂ ಬಿಡದೆ ಕಾಡುವ ಗತಕಾಲ. 'ಭೂತ' ಎಂದರೆ ಕಳೆದ ಕಾಲವೂ ಹೌದು, ಪ್ರೇತವೂ ಹೌದು. ಹಳೆಯ ಗಣ ಹೊಸ ಸಾಲಿನೊಳಗೆ ಹೀಗೆ ಮಿಡುಕುವುದು ಆ ಅರ್ಥದ ಅಲಂಕಾರವಲ್ಲ, ಆ ಅರ್ಥವೇ.

ಇದೆಲ್ಲ ಎಲಿಯಟ್‌ನಿಂದ ತಂದ ಎರವಲು ಎನ್ನುವವರಿದ್ದಾರೆ. ಪ್ರೇರಣೆ ಅಲ್ಲಿಂದ ಬಂದದ್ದು ನಿಜ. ಆದರೆ ಇಂಗ್ಲಿಷಿನ ಲಯ ನಿಂತಿರುವುದು ಉಚ್ಚಾರದ ಒತ್ತಿನ ಮೇಲೆ, ನಮ್ಮದು ಲಘು ಗುರುಗಳ ಎಣಿಕೆಯ ಮೇಲೆ. ಅದನ್ನು ಹಡಗಿನಲ್ಲಿ ತರಲಾಗದು. ಗಣದ ಗಡಿ ದಾಟುವ ಪದ ಕುಮಾರವ್ಯಾಸನ ಭಾಮಿನಿಯಲ್ಲಿ ಬೇಕಾದಷ್ಟು ಸಿಗುತ್ತದೆ. ಹಾಡಲು ಬಾರದ ಕವಿತೆ ಜನರಿಂದ ದೂರವಾಯಿತು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೂ 1942ರಲ್ಲಿ 'ಮೈಸೂರ ಮಲ್ಲಿಗೆ' ಕೊಟ್ಟ ಕೆ.ಎಸ್. ನರಸಿಂಹಸ್ವಾಮಿಯವರೇ 1958ರ 'ಶಿಲಾಲತೆ'ಯಲ್ಲಿ ನವ್ಯದ ದಾರಿಗೆ ಹೊರಳಿದರು. ಹಾಡು ಕೈಗೂಡದೆ ಹೊರಳಿದವರಲ್ಲ ಅವರು; ಹಾಡಿಗೆ ಸಿಗದ ಅನುಭವವೊಂದು ಅವರಿಗೆ ಎದುರಾಗಿತ್ತು. ಗದ್ಯವನ್ನು ತುಂಡರಿಸಿ ಕವಿತೆಯೆಂದ ಅನುಕರಣೆಗಳು ಆಮೇಲೆ ಬಂದವು, ನಿಜ. ಅವುಗಳ ತಪ್ಪನ್ನು ಅಡಿಗರ ತಲೆಗೆ ಕಟ್ಟುವುದು ಅನ್ಯಾಯ. ಕನ್ನಡ ಮೇಷ್ಟರಲ್ಲಿ ನನ್ನ ಕೋರಿಕೆ ಇಷ್ಟೆ: ಷಟ್ಪದಿಗೆ ಪ್ರಸ್ತಾರ ಹಾಕಿಸುವ ಕರಿಹಲಗೆಯ ಮೇಲೆ ಒಮ್ಮೆ 'ಭೂತ'ವನ್ನೂ ಬರೆಯಿರಿ, ಮಕ್ಕಳಿಂದ ಗಟ್ಟಿಯಾಗಿ ಓದಿಸಿ.