ಡಂಗುರದಿಂದ ಮೊಬೈಲ್ ಬಟನ್‌ವರೆಗೆ: ಸಣ್ಣ ವ್ಯಾಪಾರದ ಜಾಹೀರಾತಿನ ಕಥೆ

ಹೋದ ದೀಪಾವಳಿ ಮುಂದೆ ನಮ್ಮ ಚಿಗವ್ವನ 1,500 ರೂಪಾಯಿ ನನ್ನ ಕೈಯಿಂದ ಹಾಳಾಯಿತು. ಚಿಗವ್ವ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುತ್ತಾಳೆ. "ತಮ್ಮಾ, ಮೊಬೈಲ್‌ನ್ಯಾಗ ಜಾಹೀರಾತು ಕೊಟ್ರ ವ್ಯಾಪಾರ ಆಗ್ತದಂತಲ್ಲ. ನೀ ಓದಿದವ, ಒಂದೀಟ ಮಾಡಿಕೊಡು" ಅಂದಳು. ನಾನು ರೊಟ್ಟಿಯ ಫೋಟೊ ಹಾಕಿ, ಇಡೀ ಕರ್ನಾಟಕವನ್ನು ಆಯ್ಕೆ ಮಾಡಿ, ಬಟನ್ ಒತ್ತಿದೆ. ಮೂರು ದಿನದಲ್ಲಿ 400ಕ್ಕೂ ಹೆಚ್ಚು ಲೈಕ್ ಬಂದವು. ಆರ್ಡರ್ ಒಂದೂ ಬರಲಿಲ್ಲ.

"ಲೈಕ್ ತಗೊಂಡು ಗಿರಣಿಗೆ ಹೋದ್ರ ಜ್ವಾಳ ಬೀಸಿ ಕೊಡ್ತಾರೇನೋ?" ಅಂತ ಚಿಗವ್ವ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ತಪ್ಪಿದ್ದು ಎಲ್ಲಿ ಎಂದು ಹುಡುಕುತ್ತ ಹೋದಾಗ ಜಾಹೀರಾತಿನ ಹಳೆಯ ಕಥೆ ಕೈಗೆ ಸಿಕ್ಕಿತು. ಅದನ್ನೇ ಇಲ್ಲಿ ಹೇಳುತ್ತೇನೆ.

ಹಲಗೆಯ ಸದ್ದು

ನಮ್ಮ ಹಳ್ಳಿಗಳ ಮೊದಲ ಜಾಹೀರಾತು ಡಂಗುರ. ಕಂದಾಯ ಕಟ್ಟುವ ದಿನ, ಜಾತ್ರೆ, ಸಂತೆ, ಹರಾಜು, ಎಲ್ಲವನ್ನೂ ಹಲಗೆ ಬಾರಿಸಿ ಸಾರುತ್ತಿದ್ದರು. ಬಾರಿಸುತ್ತಿದ್ದವರು ಬಹುಪಾಲು ದಲಿತ ಕೇರಿಯವರು. ಊರಿಗೆಲ್ಲ ಸುದ್ದಿ ಮುಟ್ಟಿಸಿದ ಅವರಿಗೆ ಸಿಕ್ಕಿದ್ದು ಒಂದಿಷ್ಟು ಕಾಳುಕಡಿ, ಮರ್ಯಾದೆಯಲ್ಲ.

ಆದರೆ ಅವರ ಕೆಲಸದಲ್ಲಿ ದೊಡ್ಡ ತಿಳಿವಳಿಕೆ ಇತ್ತು. ಜನ ಹೊಲದಿಂದ ಮನೆಗೆ ಬರುವ ಹೊತ್ತು ನೋಡಿ ಹಲಗೆ ಬಾರಿಸುತ್ತಿದ್ದರು. ನಾಲ್ಕು ದಾರಿ ಕೂಡುವಲ್ಲಿ ನಿಲ್ಲುತ್ತಿದ್ದರು. ಯಾರಿಗೆ, ಎಲ್ಲಿ, ಯಾವಾಗ ಹೇಳಬೇಕು ಎಂಬ ಮೂರೂ ಅವರಿಗೆ ಗೊತ್ತಿತ್ತು. ಬಟನ್ ಒತ್ತುವಾಗ ನಾನು ಆ ಮೂರನ್ನೂ ಕೇಳಿಕೊಂಡಿರಲಿಲ್ಲ.

ದುಡ್ಡಿದ್ದವರ ಕಾಲ

ಭಾರತದ ಮೊದಲ ಮುದ್ರಿತ ಪತ್ರಿಕೆಯನ್ನು ಹಿಕಿ ಎಂಬಾತ 1780ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ಹೊರತಂದ. ಅದರ ಹೆಸರು 'ಬೆಂಗಾಲ್ ಗೆಜೆಟ್ ಆರ್ ಕಲ್ಕತ್ತಾ ಜನರಲ್ ಅಡ್ವರ್ಟೈಸರ್'. ಜಾಹೀರಾತು ಪತ್ರಿಕೆಯ ಹೆಸರಿನಲ್ಲೇ ಇತ್ತು ನೋಡಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಬಂದದ್ದು 1843ರ ಜುಲೈ 1ರಂದು. ಆಮೇಲೆ ಪತ್ರಿಕೆಗಳು ಹೆಚ್ಚಿದವು, ಅವುಗಳಲ್ಲಿ ಜಾಹೀರಾತೂ ಹೆಚ್ಚಿತು. ಜಾಗದ ಅಳತೆಗೆ ತಕ್ಕ ಹಾಗೆ ದುಡ್ಡು.

ನಮ್ಮ ನಾಡಿನ ದೊಡ್ಡ ಉದಾಹರಣೆ ಮೈಸೂರು ಸ್ಯಾಂಡಲ್ ಸೋಪು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಬೆಂಗಳೂರಿನಲ್ಲಿ ಇದರ ಕಾರ್ಖಾನೆ ಶುರುವಾಯಿತು. ಸೋಪಿನ ಡಬ್ಬಿಯ ಚಿತ್ರ ಟ್ರಾಂ ಟಿಕೆಟ್ ಮೇಲೆ ಬಂತು, ಬೆಂಕಿಪೊಟ್ಟಣದ ಮೇಲೂ ಬಂತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಮಾಡಿಸಿದರು. ಇದೆಲ್ಲ ಸಾಧ್ಯವಾಗಿದ್ದು ಹಿಂದೆ ಸರ್ಕಾರದ ಖಜಾನೆ ಇದ್ದುದರಿಂದ.

ವಿವಿಧ ಭಾರತಿಯಲ್ಲಿ ಜಾಹೀರಾತು ಶುರುವಾಗಿದ್ದು 1967ರಲ್ಲಿ, ದೂರದರ್ಶನದಲ್ಲಿ 1976ರಲ್ಲಿ. ಅವೂ ದೊಡ್ಡವರಿಗೇ. ಸಣ್ಣ ವ್ಯಾಪಾರಿಗೆ ಉಳಿದದ್ದು ಗೋಡೆಬರಹ, ಕರಪತ್ರ, ಟಾಕೀಸಿನ ಸ್ಲೈಡು, ಆಟೊಗೆ ಕಟ್ಟಿದ ಮೈಕು. ಎಲ್ಲಕ್ಕೂ ಒಂದೇ ನಿಯಮ: ದುಡ್ಡು ಮೊದಲು ಕೊಡಬೇಕು, ಯಾರಾದರೂ ನೋಡಿದರೋ ಇಲ್ಲವೋ ಕೇಳುವಂತಿಲ್ಲ.

ಒತ್ತಿದರೆ ಲೆಕ್ಕ

1994ರ ಅಕ್ಟೋಬರ್ 27ರಂದು ಅಮೆರಿಕದ 'ಹಾಟ್‌ವೈರ್ಡ್' ಎಂಬ ಜಾಲತಾಣದಲ್ಲಿ ಒಂದು ಉದ್ದನೆಯ ಪಟ್ಟಿ ಕಾಣಿಸಿತು. ಎಟಿ ಅಂಡ್ ಟಿ ಎಂಬ ಟೆಲಿಫೋನ್ ಕಂಪನಿಯ ಜಾಹೀರಾತು ಅದು. ಮೂರು ತಿಂಗಳಿಗೆ 30,000 ಡಾಲರ್. ಇದೂ ದೊಡ್ಡವರ ಆಟವೇ. ಆದರೆ ಒಂದು ಹೊಸತು ಇತ್ತು: ಎಷ್ಟು ಜನ ಅದನ್ನು ಒತ್ತಿದರು ಎಂದು ಎಣಿಸಬಹುದಿತ್ತು. ಗೋಡೆಬರಹ ಎಂದೂ ಕೊಡದ ಲೆಕ್ಕ ಅದು.

1998ರಲ್ಲಿ ಬಿಲ್ ಗ್ರಾಸ್ ಅವರ 'ಗೋಟು ಡಾಟ್ ಕಾಮ್' ಇನ್ನೊಂದು ಹೆಜ್ಜೆ ಇಟ್ಟಿತು. ಜನ ಒತ್ತಿದರೆ ಮಾತ್ರ ದುಡ್ಡು, ಜಾಗಕ್ಕೆ ಸವಾಲು. 2000ದ ಅಕ್ಟೋಬರ್‌ನಲ್ಲಿ ಗೂಗಲ್ 'ಆಡ್‌ವರ್ಡ್ಸ್' ಶುರು ಮಾಡಿತು, ಸುಮಾರು 350 ಗಿರಾಕಿಗಳೊಂದಿಗೆ. ಅಲ್ಲಿ ಮೊದಮೊದಲು ಜಾಹೀರಾತು ಕೊಟ್ಟವರಲ್ಲಿ ಒಬ್ಬರು, ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿಯನ್ನು ಜೀವಂತವಾಗಿ ಮನೆಗೆ ಕಳಿಸಿ ಮಾರುವ ಸಣ್ಣ ವ್ಯಾಪಾರಿ. ಏಜೆನ್ಸಿ ಬೇಕಿಲ್ಲ, ಪರಿಚಯ ಬೇಕಿಲ್ಲ, ಒಂದು ಕಾರ್ಡ್ ಇದ್ದರೆ ಸಾಕಿತ್ತು. ನಮ್ಮ ಚಿಗವ್ವನ ಅಂಥವರಿಗೆ ಬಾಗಿಲು ತೆರೆದದ್ದು ಅಲ್ಲಿ.

ಇನ್ನೂ ಮುಖ್ಯ ಬದಲಾವಣೆ 2002ರದು. ಎಪಿಎಂಸಿಯ ಸವಾಲಿನಲ್ಲಿ ಹೆಚ್ಚು ಕೂಗಿದವನಿಗೆ ಮಾಲು. ಗೂಗಲ್ ಹಾಗೆ ಮಾಡಲಿಲ್ಲ. ಎಷ್ಟು ಕೂಗಿದ್ದೀರಿ ಎಂಬುದರ ಜೊತೆಗೆ, ಜನ ನಿಮ್ಮ ಜಾಹೀರಾತನ್ನು ಎಷ್ಟು ಸಲ ಒತ್ತುತ್ತಾರೆ ಎಂಬುದನ್ನೂ ನೋಡಿತು. ಒಂದು ಲೆಕ್ಕ ಹಾಕಿ. ದೊಡ್ಡ ಕಂಪನಿ ಒಂದು ಒತ್ತಿಗೆ 10 ರೂಪಾಯಿ ಕೂಗುತ್ತದೆ, ಆದರೆ 100 ಜನ ನೋಡಿದರೆ ಒಬ್ಬ ಒತ್ತುತ್ತಾನೆ. ನೀವು ಕೂಗುವುದು 4 ರೂಪಾಯಿ, ಒತ್ತುವವರು ಐದು ಜನ. ಆ ಜಾಗದಿಂದ ಗೂಗಲ್‌ಗೆ ಸಿಗುವುದು ಕಂಪನಿಯಿಂದ 10, ನಿಮ್ಮಿಂದ 20. ಹಾಗಾಗಿ ಮೇಲಿನ ಜಾಗ ನಿಮಗೆ. ಧರ್ಮಕ್ಕೆ ಮಾಡಿದ್ದಲ್ಲ, ಅವರ ಲಾಭದ ಲೆಕ್ಕವೇ. ಆದರೂ ಬೇಕಾದವರಿಗೆ ಬೇಕಾದ ಮಾತು ಹೇಳುವ ಸಣ್ಣವನಿಗೆ ದೊಡ್ಡವನ ಎದುರು ನಿಲ್ಲಲು ದಾರಿಯಾಯಿತು.

2007ರ ನವೆಂಬರ್‌ನಲ್ಲಿ ಫೇಸ್‌ಬುಕ್ ತನ್ನ ಜಾಹೀರಾತು ವ್ಯವಸ್ಥೆ ತಂದಿತು. ಊರು, ವಯಸ್ಸು, ಆಸಕ್ತಿ ನೋಡಿ ತೋರಿಸುವ ಪದ್ಧತಿ ಬೆಳೆಯಿತು. ನಮ್ಮ ಹಳ್ಳಿಗಳಿಗೆ ಇದು ಮುಟ್ಟಿದ್ದು 2016ರ ನಂತರ. ಆ ವರ್ಷ ಯುಪಿಐ ಬಂತು, ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು, ಡೇಟಾ ಅಗ್ಗವಾಯಿತು. 2018ರ ಜನವರಿಯಲ್ಲಿ ವಾಟ್ಸಾಪ್ ಬಿಸಿನೆಸ್ ಬಂತು. ಅಂಗಡಿ, ಗಲ್ಲಾಪೆಟ್ಟಿಗೆ, ಡಂಗುರ ಮೂರೂ ಒಂದೇ ಫೋನಿನಲ್ಲಿ ಕೂತವು.

ಮತ್ತೆ ಚಿಗವ್ವನ ಅಡುಗೆಮನೆಗೆ

ಇಷ್ಟು ತಿಳಿದ ಮೇಲೆ ನನ್ನ ತಪ್ಪು ಕಂಡಿತು. ನಾನು ಆಯ್ಕೆ ಮಾಡಿದ್ದ ಗುರಿ 'ಹೆಚ್ಚು ಲೈಕ್'. ಯಂತ್ರ ಕೇಳಿದ್ದನ್ನೇ ಕೊಟ್ಟಿತ್ತು. ಬೀದರಿನಿಂದ ಚಾಮರಾಜನಗರದವರೆಗೆ ಜನ ರೊಟ್ಟಿ ನೋಡಿ ಖುಷಿಪಟ್ಟಿದ್ದರು, ಅಷ್ಟೆ. ಅವರ ಮನೆಗೆ ರೊಟ್ಟಿ ಮುಟ್ಟಿಸುವ ದಾರಿ ನಮಗಿರಲಿಲ್ಲ.

ಎರಡನೇ ಸಲ ಮೊದಲು ಪುಕ್ಕಟೆ ಕೆಲಸ ಮಾಡಿದೆವು. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಹೆಸರು, ಫೋನ್ ನಂಬರ್ ಹಾಕಿದೆವು. ವಾಟ್ಸಾಪ್ ಬಿಸಿನೆಸ್‌ನಲ್ಲಿ ಪ್ರತಿ ಸಾಮಾನಿನ ಫೋಟೊ, ದರ ಏರಿಸಿದೆವು. ಆಮೇಲೆ ಜಾಹೀರಾತು. ಹತ್ತಿರದ ಪಟ್ಟಣದ ಸುತ್ತ 20 ಕಿ.ಮೀ. ಮಾತ್ರ. ಗುರಿ ಲೈಕ್ ಅಲ್ಲ, ವಾಟ್ಸಾಪ್ ಮೆಸೇಜ್. ದಿನಕ್ಕೆ 100 ರೂಪಾಯಿ ಮಿತಿ, ಐದನೇ ದಿನಕ್ಕೆ ತಾನೇ ನಿಲ್ಲುವಂತೆ ಕೊನೆಯ ದಿನಾಂಕ. ಫೋಟೊ ಜೊತೆ ದರ, ಮನೆಗೆ ತಲುಪಿಸುವ ವಾರ, ಎರಡನ್ನೂ ಬರೆದೆವು. ಜಾಹೀರಾತಿನ ಮೇಲೆ ಶೇ. 18 ಜಿಎಸ್‌ಟಿಯೂ ಇದೆ, ಅದನ್ನು ಖರ್ಚಿನಲ್ಲೇ ಹಿಡಿಯಿರಿ.

500 ರೂಪಾಯಿಗೆ 11 ಜನ ಮೆಸೇಜ್ ಮಾಡಿದರು. ನಾಲ್ವರು ಕೊಂಡರು. ಅಂದರೆ ಒಬ್ಬ ಗಿರಾಕಿಗೆ 125 ರೂಪಾಯಿ ಖರ್ಚು. ಮೊದಲ ಆರ್ಡರ್‌ನಲ್ಲಿ ಒಬ್ಬರಿಂದ ಉಳಿದದ್ದು 60 ರೂಪಾಯಿ. "ಇದೂ ಲುಕ್ಸಾನ ಆತಲ್ಲೋ" ಅಂದಳು ಚಿಗವ್ವ. ನಿಜ. ಆದರೆ ನಾಲ್ವರಲ್ಲಿ ಒಬ್ಬರು ಖಾನಾವಳಿಯವರು. ಈಗ ಅವರು ವಾರಕ್ಕೆ 100 ರೊಟ್ಟಿ ಒಯ್ಯುತ್ತಾರೆ. ಆ 500 ರೂಪಾಯಿ ದುಡಿದದ್ದು ಎರಡನೇ, ಮೂರನೇ ಆರ್ಡರ್‌ನಲ್ಲಿ. ಮತ್ತೆ ಕೊಳ್ಳುವಂಥ ಮಾಲು ನಿಮ್ಮದಲ್ಲದಿದ್ದರೆ ಈ ಲೆಕ್ಕ ಕೂಡುವುದಿಲ್ಲ.

ಆ ಹನ್ನೊಂದರಲ್ಲಿ ಒಬ್ಬ ಮೋಸಗಾರನೂ ಇದ್ದ. "ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎಂದ. ಯುಪಿಐ ಪಿನ್ ಬೇಕಾಗುವುದು ನಾವು ದುಡ್ಡು ಕೊಡುವಾಗ, ಪಡೆಯುವಾಗ ಅಲ್ಲ. ನಂಬರ್ ಊರಿಗೆಲ್ಲ ಹಂಚಿದ ಮೇಲೆ ಇಂಥವರು ಬಂದೇ ಬರುತ್ತಾರೆ. ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಈಗ ಚಿಗವ್ವ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಹೊಸಬರು ಯಾರೇ ಫೋನ್ ಮಾಡಲಿ, "ನಮ್ಮ ನಂಬರ ನಿಮಗ ಹೆಂಗ ಸಿಕ್ತರಿ?" ಎಂದು ಕೇಳಿ ಬರೆದುಕೊಳ್ಳುತ್ತಾಳೆ. ಮೊನ್ನೆ ಅದನ್ನು ತಿರುವಿ ಹಾಕಿದೆ. ಮ್ಯಾಪ್ ನೋಡಿದವರು ಇದ್ದಾರೆ, ಜಾಹೀರಾತು ನೋಡಿದವರು ಇದ್ದಾರೆ. ಎಲ್ಲಕ್ಕಿಂತ ಹೆಚ್ಚು ಸಲ ಅವಳ ಸೊಟ್ಟ ಅಕ್ಷರದಲ್ಲಿ ಬರೆದಿರುವುದು ಎರಡೇ ಶಬ್ದ: 'ತಿಂದವರು ಹೇಳಿದ್ದು'.